ನಳದ ಮಿಸ್ತ್ರಿಗೊಂದು ರುಮಾಲು

ಬೋನಾಳದ ಮಲ್ಲೇಶ್ವರಿಗೆ ಹೆಸರುಗಳಿಗೇನೂ ಬರವಿರಲಿಲ್ಲ. ಸುರಪುರದ ಬಜಾರಿನಲ್ಲಿ ಅವಳು ‘ನಳದಾಕಿ’. ಶಹಾಪುರದಲ್ಲಿ ‘ಶರೀಫಸಾಬನ ಕಡೆಯಾಕಿ’. ಹೊಸ ಬಡಾವಣೆಯ ಮಾಸ್ತರರ ಹೆಂಡಂದಿರಿಗೆ ‘ಪೈಪಿನಕ್ಕ’. ಗೀಸರ್ ಕೆಟ್ಟಾಗ ಮಾತ್ರ ಅವಳನ್ನು ನೆನೆಯುವ ಸಾಹೇಬರೊಬ್ಬರ ಫೋನಿನಲ್ಲಿ ಅವಳ ಹೆಸರು ‘ಬಿಸಿನೀರು’ ಅಂತ ಇತ್ತಂತೆ. ಅದನ್ನು ಅವರ ಹೆಂಡತಿಯೇ ನಗುತ್ತ ಹೇಳಿದ್ದು. ಯಾದಗಿರಿಯಲ್ಲಿ ತರಬೇತಿ ಮುಗಿಸಿದಾಗ ಕೊಟ್ಟ ಸರ್ಟಿಫಿಕೇಟಿನಲ್ಲಂತೂ ‘ಸಹಾಯಕ ಪ್ಲಂಬರ್’ ಅಂತ ಅಚ್ಚು ಹಾಕಿಸಿದ್ದರು. ಯಾರಿಗೆ ಸಹಾಯಕ? ಗೋಡೆ ಕೊರೆಯುವಾಕೆ ಇವಳು, ಪೈಪು ಕೊಯ್ಯುವಾಕೆ ಇವಳು, ಮಾಳಿಗೆ ಹತ್ತಿ ನೀರಿನ ಟಾಕಿ ಕೂಡಿಸುವಾಕೆ ಇವಳು. ಸಹಾಯ ಮಾಡಿಸಿಕೊಳ್ಳುವ ಆ ಪುಣ್ಯಾತ್ಮ ಯಾರು ಅಂತ ಮಾತ್ರ ಯಾರೂ ಅವಳಿಗೆ ತೋರಿಸಲಿಲ್ಲ.

ಗಂಡಸಾದರೆ ಈ ರಗಳೆಯೇ ಇಲ್ಲ ನೋಡಿ. ನಮ್ಮ ಕಡೆ ಗಂಡಸೊಬ್ಬ ನಳ ತಿರುವುವ ಪಾನಾ ಹಿಡಿದು ನಾಲ್ಕು ಓಣಿ ಸುತ್ತಿದರೆ ಸಾಕು, ಮಂದಿ ಮಿಸ್ತ್ರಿ ಅಂದುಬಿಡುತ್ತಾರೆ. ನಳ ಬಿಚ್ಚಲು ಬಾರದವನೂ ಮಿಸ್ತ್ರಿ, ಬಿಚ್ಚಿದ್ದನ್ನು ಕೂಡಿಸಲು ಬಾರದವನೂ ಮಿಸ್ತ್ರಿ. ‘ಏ ಮಿಸ್ತ್ರಿ, ಚಹಾ ಕುಡಿ ಬಾರೋ’ ಅಂತ ಹೋಟೆಲಿನಿಂದ ಕೂಗು ಬರುತ್ತದೆ, ಅವನು ಮೀಸೆ ತಿರುವುತ್ತ ಹೋಗುತ್ತಾನೆ. ಆ ಒಂದು ಮಾತು ಮಲ್ಲೇಶ್ವರಿಯ ಪಾಲಿಗೆ ಇಷ್ಟು ವರ್ಷ ಒಮ್ಮೆಯೂ ಬಂದಿರಲಿಲ್ಲ. ಹೊರಗೆ ನಗುನಗುತ್ತ ಇದ್ದರೂ ಒಳಗೆ ಅವಳ ಜೀವ ಅದಕ್ಕಾಗಿ ಹಾತೊರೆಯುತ್ತಿತ್ತು.

ಊರೂರಿಗೆ ನಳ ಬರತೊಡಗಿದ ಕಾಲದಲ್ಲಿ ಬೋನಾಳದ ಮಹಿಳಾ ಸಂಘದಿಂದ ಕೆಲವರನ್ನು ತರಬೇತಿಗೆ ಕಳಿಸಿದ್ದರು. ಉಳಿದವರು ಊಟ ಚೆನ್ನಾಗಿತ್ತು ಅಂತ ಹೇಳಿಕೊಂಡು ವಾಪಸು ಬಂದರು, ಮಲ್ಲೇಶ್ವರಿಗೆ ಮಾತ್ರ ಪೈಪಿನ ಹುಚ್ಚು ಹತ್ತಿತು. ಶಹಾಪುರದ ಶರೀಫಸಾಬ ಅನ್ನುವ ಹಳೆಯ ಮಿಸ್ತ್ರಿಯ ಕೈಕೆಳಗೆ ದುಡಿದಳು. ಅವನಿಗೆ ಮೊಣಕಾಲು ನೋವು ಬಂದು ಮನೆ ಹಿಡಿದ ಮೇಲೆ ತಾನೇ ಕೆಲಸ ಹಿಡಿಯತೊಡಗಿದಳು. ಮೊದಮೊದಲು ಸೋರುವ ನಳ, ಕಟ್ಟಿಕೊಂಡ ಮೋರಿ, ಆಮೇಲೆ ಗೀಸರು, ಆಮೇಲೆ ಮಾಳಿಗೆ ಮೇಲಿನ ಸೋಲಾರು. ಒಂದು ಇಡೀ ಮನೆ, ಬುಡದಿಂದ ತುದಿಯವರೆಗೆ, ಅವಳೊಬ್ಬಳ ಕೈಗೆ ಬಂದದ್ದು ಮಾತ್ರ ಈಗ, ಸುರಪುರದ ಜಗದೇವಪ್ಪನ ಮನೆ.

ಜಗದೇವಪ್ಪನದು ಬಜಾರಿನಲ್ಲಿ ಅರಿವೆ ಅಂಗಡಿ. ಮಾತು ಮೆತ್ತಗೆ, ಮನುಷ್ಯ ಒಳ್ಳೆಯವ. ಸುರಪುರದ ರಂಗಂಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಅವನ ಮನೆತನದಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಒಂದು ರೂಢಿ ಇತ್ತು. ಹೊಸ ಮನೆಯ ಪೂಜೆ ಆದಮೇಲೆ ಮನೆ ಕಟ್ಟಿದ ಒಬ್ಬೊಬ್ಬ ಮಿಸ್ತ್ರಿಯೂ ಮಂದಿಯ ಎದುರು ನಿಂತು ತನ್ನ ಕೆಲಸದಲ್ಲಿ ತಾನು ಬೇಕೆಂದೇ ಬಿಟ್ಟ ಒಂದು ಕುಂದು ಹೇಳಬೇಕು. ಎಲ್ಲ ಸರಿ ಇರುವ ಮನೆಗೆ ದೃಷ್ಟಿ ತಾಗುತ್ತದೆ, ಆದ್ದರಿಂದ ಮಿಸ್ತ್ರಿಯಾದವನು ಎಲ್ಲೋ ಒಂದು ಸಣ್ಣ ಕುಂದು ಬಿಟ್ಟಿರಲೇಬೇಕು. ಅವನು ಹೇಳುತ್ತಾನೆ, ಯಜಮಾನ ‘ಒಪ್ಪಿದೆ ಮಿಸ್ತ್ರಿ’ ಅಂದು ಬಾಯಿಗೆ ಸಕ್ಕರೆ ಹಾಕಿ ತಲೆಗೆ ರುಮಾಲು ಸುತ್ತುತ್ತಾನೆ. ಆ ರುಮಾಲು ಸುತ್ತಿಸಿಕೊಂಡವನನ್ನು ಸುರಪುರದಲ್ಲಿ ಮಿಸ್ತ್ರಿ ಅಲ್ಲ ಅನ್ನುವ ಗಂಡು ಇನ್ನೂ ಹುಟ್ಟಿಲ್ಲ.

ಮೊದಲೆಲ್ಲ ಈ ಮರ್ಯಾದೆ ಗೋಡೆ ಕಟ್ಟುವ ಗೌಂಡಿಗೂ ಬಡಿಗನಿಗೂ ಮಾತ್ರ ಇತ್ತು, ಹಳೆಯ ಮನೆಗಳಲ್ಲಿ ನಳ ಎಲ್ಲಿಯದು? ಈ ಸಲ ಜಗದೇವಪ್ಪ ತಾನಾಗಿಯೇ ‘ನಳಕ್ಕೂ ರುಮಾಲು ಆಗ್ಲಿ’ ಅಂದಿದ್ದ. ಆ ಮಾತು ಕೇಳಿದ ದಿನದಿಂದ ಮಲ್ಲೇಶ್ವರಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

ಕೆಲಸ ನಡೆದಷ್ಟು ತಿಂಗಳೂ ಜಗದೇವಪ್ಪನ ತಾಯಿ ಭೀಮಾಬಾಯಿ ಅವಳ ಬೆನ್ನು ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ಮುದುಕಿ, ಕೈಯಲ್ಲಿ ಕೋಲು, ನಾಲಿಗೆ ಕೋಲಿಗಿಂತ ಗಟ್ಟಿ. ಕಟ್ಟಿಗೆ ಉರಿಸಿ ನೀರು ಕಾಯಿಸುವ ತನ್ನ ತಾಮ್ರದ ಬಂಬನ್ನು ಮೂಲೆಗೆ ಸರಿಸಿ ಮಾಳಿಗೆ ಮೇಲೆ ಗಾಜಿನ ಕೊಳವೆ ಹೂಡಿದ್ದು ಅವಳಿಗೆ ಒಂಚೂರೂ ಸೇರಿರಲಿಲ್ಲ.

“ಏ ಹುಡುಗಿ, ಬೆಂಕಿ ಇಲ್ದ ನೀರ ಕಾಯ್ತಾವ ಅಂದ್ರ ನಂಬಾಕ ನಾ ಏನ್ ನಿನ್ನಿ ಹುಟ್ಟೀನೇನ?”

“ಬಿಸಲ ಏನ್ ಕಮ್ಮಿ ಅದ ಏನ್ರಿ ಅವ್ವಾರ ನಮ್ಮ ಕಡಿ? ನೀರಲ್ಲ, ನಾವ ಕಾದ ಹೋಗಾಕತ್ತೇವಿ!”

ಮುದುಕಿ ನಗು ತಡೆದುಕೊಂಡು ಕೋಲು ಕುಟ್ಟುತ್ತ ಹೋಗುತ್ತಿದ್ದಳು. ಆದರೂ ಕರೆಯುವಾಗ ‘ಏ ಹುಡುಗಿ’ಯೇ. ಎರಡು ಮಕ್ಕಳ ತಾಯಿ, ಕಿವಿಯ ಹತ್ತಿರ ಬಿಳಿ ಕೂದಲು, ಇನ್ನೂ ಹುಡುಗಿ!

ಪೂಜೆಯ ದಿನ ಬೆಳಿಗ್ಗೆ ಗಂಡ ಯಂಕಣ್ಣನ ಟಂಟಂನಲ್ಲಿ ಅವಳು ಬೋನಾಳದಿಂದ ಹೊರಟಳು. ಟಂಟಂ ಅಂದರೆ ಮೂರು ಗಾಲಿಯ ಆಟೋ. ಬೋನಾಳಕ್ಕೂ ಸುರಪುರಕ್ಕೂ ಮಂದಿ ಸಾಗಿಸುವುದೇ ಯಂಕಣ್ಣನ ದಂಧೆ. ಹುಟ್ಟಾ ನಗೆಗಾರ ಅವನು. ಸತ್ತವರ ಮನೆಗೆ ಹೋದರೂ ಯಾರನ್ನಾದರೂ ನಗಿಸಿ ಬೈಸಿಕೊಂಡು ಬರುತ್ತಿದ್ದ. ಕೆರೆಯ ಏರಿಯ ಮೇಲೆ ಹಕ್ಕಿಗಳು ಗದ್ದಲ ಹಾಕಿದ್ದವು. ಮಲ್ಲೇಶ್ವರಿ ಅದ್ಯಾವುದನ್ನೂ ನೋಡದೆ ಸೆರಗಿನ ತುದಿ ತಿರುವುತ್ತ ಕೂತಿದ್ದಳು.

“ಯಾಕ? ಮದಿಮಗಳ ಹಂಗ ಕುಂತೀದಿ?” ಅಂದ ಯಂಕಣ್ಣ ಕನ್ನಡಿಯಲ್ಲಿ ನೋಡುತ್ತ.

“ನಂಗ ಅಂಜಿಕಿ ಬರಾಕತ್ತದ. ಕುಂದು ಹೇಳ್ರಿ ಅಂದ್ರ ಏನ್ ಹೇಳ್ಲಿ? ನಾ ಕುಂದ ಬಿಟ್ಟಿಲ್ಲ.”

“ಬಿಟ್ಟಿಲ್ಲಂದ್ರ?”

“ಬಿಡಬೇಕು ಅಂತ ಭಾಳ ಸಲ ಮಾಡ್ದೆ. ಬಚ್ಚಲದಾಗ ಒಂದ್ ನಳ ಸೊಟ್ಟ ಕೂಡ್ಸಿದೆ. ಮನಿಗೆ ಬಂದ್ರ ಊಟ ಸೇರ್ಲಿಲ್ಲ. ಮರದಿನ ಹೋಗಿ ನೆಟ್ಟಗ ಮಾಡ್ದೆ. ನನ್ ಕೈ ಕೇಳಂಗಿಲ್ಲ, ಏನ್ ಮಾಡ್ಲಿ?”

ಯಂಕಣ್ಣ ಗಾಡಿ ನಿಲ್ಲಿಸಿಯೇ ನಕ್ಕ. “ಇಷ್ಟಕ್ಕ ಇಷ್ಟು ಚಿಂತಿಯೇನ? ಏನರ ಒಂದ್ ಸುಳ್ಳ ಹೇಳಿಬಿಡು. ಯಾರ್ ಹೋಗಿ ನೋಡ್ತಾರ?”

“ಸುಳ್ಳ ಹೇಳಿ ರುಮಾಲ ಸುತ್ಕೊಳ್ಳದಾ? ಥೂ, ಹೋಗ!” ಅಂತ ಅವಳು ಅವನ ಬೆನ್ನಿಗೆ ಗುದ್ದಿದಳು. “ನಂಗ ಅದು ಬೇಕ. ಭಾಳ ಬೇಕ. ಬೇಕು ಅಂತ ಸುಳ್ಳ ಹೇಳಿ ತಗೊಂಡ್ರ, ನಾಳಿ ಯಾರರ ಮಿಸ್ತ್ರಿ ಅಂದಾಗ ನಾ ಹೆಂಗ ಓ ಅನ್ಲಿ?”

ಯಂಕಣ್ಣನ ನಗು ನಿಂತಿತು. ಇಷ್ಟು ದಿನ ಹೆಂಡತಿ ಪೈಪು ಹಾಕುತ್ತಾಳೆ, ಮನೆಗೆ ಬರುತ್ತಾಳೆ ಅಂದುಕೊಂಡಿದ್ದನೇ ಹೊರತು, ಅವಳಿಗೆ ಹೀಗೊಂದು ಆಸೆ ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಮತ್ತೆ ಗಾಡಿ ಚಾಲೂ ಮಾಡಿ ಸುರಪುರದ ಕಡೆ ಓಡಿಸಿದ.

ಜಗದೇವಪ್ಪನ ಮನೆ ಮುಂದೆ ಬಣ್ಣಬಣ್ಣದ ಪೆಂಡಾಲು, ಓಣಿ ತುಂಬ ಕುರ್ಚಿ. ಹಿತ್ತಲಿನಲ್ಲಿ ತಿಮ್ಮವ್ವ ಅನ್ನುವ ಅಡುಗೆಯಾಕೆ ನಾಲ್ಕೈದು ಹೆಂಗಸರನ್ನು ಸಾಲಾಗಿ ಕೂಡಿಸಿಕೊಂಡು ಹೋಳಿಗೆ ತಟ್ಟಿಸುತ್ತಿದ್ದಳು. ಕಡಲೆಬೇಳೆ ಬೆಂದ ವಾಸನೆ ಬೀದಿಗೆ ಬಂದು ಮಂದಿಯ ಕಾಲು ಕಟ್ಟುತ್ತಿತ್ತು. ಮೈಕು ಹಿಡಿದವನು ಸಂಗಮನಾಥ, ಜಗದೇವಪ್ಪನ ಅಳಿಯ. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತ. ಯಾರನ್ನೇ ಆಗಲಿ ಹುದ್ದೆ ಹಚ್ಚದೆ ಕರೆದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ‘ನಿವೃತ್ತ ಗ್ರಾಮಲೆಕ್ಕಿಗರು ಮುಂದಿನ ಸಾಲಿಗೆ ಬರಬೇಕು’, ‘ಸಹಕಾರಿ ಸಂಘದ ಮಾಜಿ ಉಪಾಧ್ಯಕ್ಷರ ಚಪ್ಪಲಿ ಅದಲುಬದಲಾಗಿದೆ, ಒಯ್ದವರು ತಂದಿಡಬೇಕು’ ಅಂತ ಬೆಳಗಿನಿಂದ ಬಡಬಡಿಸುತ್ತಿದ್ದ.

ಪೂಜೆ ಮುಗಿಯಿತು. ಮಂದಿ ಒತ್ತೊತ್ತಾಗಿ ಕೂತರು. ಭೀಮಾಬಾಯಿ ಕುರ್ಚಿ ಹಾಕಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತಳು. ಮೊದಲು ಎದ್ದವನು ಗೌಂಡಿ ನಬಿಸಾಬ. ಗೋಡೆ ಕಟ್ಟುತ್ತಲೇ ಮುದುಕನಾದ ಮನುಷ್ಯ.

“ಮಾಳಿಗಿ ಮೆಟ್ಲದಾಗ ಎಲ್ಲಕ್ಕೂ ಮ್ಯಾಲಿನ ಮೆಟ್ಲ ಒಂದ್ ಬೆರಳ ಎತ್ತರ ಅದರಿ. ಅದು ನನ್ನ ಕುಂದು.”

“ಅದಕ್ಕ ನಾ ಮುಂಜಾನಿ ಎಡವಿದ್ದು!” ಅಂತ ಯಾರೋ ಹಿಂದಿನಿಂದ ಕೂಗಿದರು. ಪೆಂಡಾಲೆಲ್ಲ ನಕ್ಕಿತು. “ಒಪ್ಪಿದೆ ಮಿಸ್ತ್ರಿ” ಅಂದ ಜಗದೇವಪ್ಪ, ಸಕ್ಕರೆ ಹಾಕಿ ಕೆಂಪು ರುಮಾಲು ಸುತ್ತಿದ.

ಆಮೇಲೆ ಶ್ರೀಮಂತ ಅನ್ನುವ ಬಡಿಗ ಎದ್ದ. “ಅಡಿಗಿಮನಿ ಕಪಾಟಿನ ಬಾಗ್ಲ ತೆಗದ್ರ ಕುಂಯ್ ಅಂತದರಿ. ಎಣ್ಣಿ ಹಾಕಿದ್ರೂ ಬಿಡಂಗಿಲ್ಲ.”

“ಚೊಲೊ ಆತು ಬಿಡು, ಬೆಲ್ಲ ಕದಿಯೋರು ಸಿಗ್ತಾರ” ಅಂದಳು ಭೀಮಾಬಾಯಿ, ಮಗನ ಕಡೆ ನೋಡಿ. ಜಗದೇವಪ್ಪನ ಮುಖ ಕೆಂಪಾಯಿತು. ಸಕ್ಕರೆ ಕಾಯಿಲೆಯ ಮನುಷ್ಯ, ಬೆಲ್ಲ ಕದಿಯುವವನು ಅವನೇ ಅಂತ ಓಣಿಗೆಲ್ಲ ಗೊತ್ತಿತ್ತು. ಶ್ರೀಮಂತನಿಗೂ ರುಮಾಲು ಬಿತ್ತು.

ಮಲ್ಲೇಶ್ವರಿ ಹೆಂಗಸರ ಸಾಲಿನಿಂದ ಎದ್ದು ಸೆರಗು ಸರಿ ಮಾಡಿಕೊಂಡಳು.

“ಈಗ ನಳ ಹಾಗೂ ಬಿಸಿನೀರಿನ ಕಾಮಗಾರಿಯ ಪರವಾಗಿ,” ಅಂತ ಸಂಗಮನಾಥನ ದನಿ ಮೈಕಿನಲ್ಲಿ ಮೊಳಗಿತು, “ಬೋನಾಳದ ಶ್ರೀಯುತ ಯಂಕಣ್ಣನವರು ಧರ್ಮಪತ್ನಿ ಸಮೇತ ಮುಂದೆ ಬರಬೇಕೆಂದು ಕೋರಿಕೆ!”

ಅಷ್ಟೇ ನೋಡಿ. ತಪ್ಪು ಯಾರದು ಅಂತ ಹೇಳುವುದು? ಕೇಡು ಮಾಡಬೇಕು ಅಂತ ಯಾರ ಮನಸ್ಸಿನಲ್ಲೂ ಇರಲಿಲ್ಲ. ನಮ್ಮ ಕಡೆ ಶುಭಕಾರ್ಯದಲ್ಲಿ ಮುತ್ತೈದೆಯೊಬ್ಬಳಿಗೆ ಮರ್ಯಾದೆ ಮಾಡಿದರೆ ಗಂಡಹೆಂಡತಿಯನ್ನು ಜೋಡಿಯಾಗಿ ಕರೆದೇ ಮಾಡುತ್ತಾರೆ. ಗಂಡನ ತಲೆಗೆ ರುಮಾಲು, ಹೆಂಡತಿಯ ಉಡಿಗೆ ಸೀರೆ. ಹೆಣ್ಣುಮಗಳ ತಲೆಗೆ ರುಮಾಲು ಸುತ್ತಬಹುದು ಅನ್ನುವುದು ಜಗದೇವಪ್ಪನ ಕನಸಿನಲ್ಲೂ ಬಂದಿರಲಿಲ್ಲ. ಇನ್ನೂ ಹೆಚ್ಚಿನ ಮರ್ಯಾದೆ ಆಗಲಿ ಅಂತ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಚಂದದ ಇಳಕಲ್ ಸೀರೆಯನ್ನೇ ಅವನು ಆರಿಸಿ ತಂದಿದ್ದ.

ಯಂಕಣ್ಣ ಹೋಳಿಗೆಯ ದಿಕ್ಕಿಗೆ ಮುಖ ಮಾಡಿ ಕೂತಿದ್ದವನು ದಿಗಿಲುಬಿದ್ದು ಎದ್ದ. ಯಾರೋ ಕೈ ಹಿಡಿದು ಎಳೆದು ಮಣೆಯ ಮೇಲೆ ನಿಲ್ಲಿಸಿಯೇಬಿಟ್ಟರು. ಇತ್ತ ಮಲ್ಲೇಶ್ವರಿಯ ಕೈಗೆ ಹಸಿರು ಸೀರೆಯ ತಟ್ಟೆ ಬಂತು. ಜಗದೇವಪ್ಪ ರುಮಾಲು ಬಿಡಿಸುತ್ತ ಮುಗುಳ್ನಕ್ಕು ಕೇಳಿದ, “ಕುಂದು ಹೇಳ್ರಿ, ಮಿಸ್ತ್ರಿ.”

ಅವಳು ಇಷ್ಟು ವರ್ಷ ಕಾದ ಮಾತು, ಅವಳ ಕಣ್ಣೆದುರೇ, ಪಾನಾ ಹಿಡಿಯುವ ಬಗೆ ಗೊತ್ತಿಲ್ಲದ ಟಂಟಂ ಡ್ರೈವರನಿಗೆ ಸಂದಿತು. ಮಲ್ಲೇಶ್ವರಿಗೆ ಸಿಟ್ಟು ಬಂತು, ಅಳು ಬಂತು. ತಟ್ಟೆಯನ್ನು ಅಲ್ಲೇ ಇಟ್ಟು ನಡೆದುಬಿಡೋಣ ಅನ್ನಿಸಿತು.

ಯಂಕಣ್ಣ ಅವಳ ಮುಖ ನೋಡಿದ. ಆಮೇಲೆ ರುಮಾಲು ನೋಡಿದ. ಚಂದದ ರುಮಾಲು, ಅವನ ತಲೆಗೆ ಒಪ್ಪುವಂಥದೇ. ಒಂದು ಗಳಿಗೆ ಅವನಿಗೂ ಆಸೆ ಆಗಿರಬೇಕು, ಸುಳ್ಳು ಯಾಕೆ ಹೇಳಬೇಕು.

“ಕುಂದೇನ್ರಿ...” ಅಂತ ತಲೆ ಕೆರೆದುಕೊಂಡ. “ನನ್ನ ಟಂಟಂದು ಎಡಗಡಿ ಇಂಡಿಕೇಟರ್ ಹತ್ತಂಗಿಲ್ರಿ. ನಂಗ ಗೊತ್ತಿದ್ದ ಕುಂದು ಅದೊಂದ.”

ಮಂದಿ ಬಿದ್ದು ಬಿದ್ದು ನಕ್ಕರು. ಯಂಕಣ್ಣ ನಗಲಿಲ್ಲ. ಮೈಕಿನ ಹತ್ತಿರ ಬಾಯಿ ತಂದು ಹೇಳಿದ, “ಈ ಮನಿ ನಳ ನಾ ಬರೇ ಕಣ್ಲೆ ನೋಡೀನ್ರಿ. ಮಿಸ್ತ್ರಿ ನಾ ಅಲ್ಲ. ಅಲ್ಲಿ ನೋಡ್ರಿ, ಸೀರಿ ತಟ್ಟಿ ಹಿಡ್ಕೊಂಡು ಸಿಟ್ಟಿಗೆದ್ದು ನಿಂತಾಳಲ್ಲ, ಆಕಿ.” ಅಷ್ಟು ಹೇಳಿ ಮಣೆಯಿಂದ ಇಳಿದ.

ಪೆಂಡಾಲಿನಲ್ಲಿ ಗುಸುಗುಸು ಎದ್ದಿತು. ಜಗದೇವಪ್ಪನ ಮುಖ ಬಾಡಿತು. “ಅಲ್ಲವ್ವಾ ಮಲ್ಲೇಶ್ವರಿ, ನಾ ಏನ್ ಕಮ್ಮಿ ಮಾಡೀನಿ? ಅಂಗಡ್ಯಾಗಿನ ಚಂದನ್ನ ಸೀರಿ ತಂದೀನಲ್ಲ ನಿನಗಂತ?”

“ಸೀರಿ ಭಾಳ ಚಂದ ಅದರಿ. ನಿಮ್ಮ ಮನಸೂ ಚಂದ ಅದ.” ಅವಳ ದನಿ ನಡುಗಿತು, ಆದರೂ ನಿಲ್ಲಿಸಲಿಲ್ಲ. “ಆದ್ರ ಸೀರಿ ನಾ ಯಾರ ಮಗಳು, ಯಾರ ಹೇಣ್ತಿ ಅಂತ ಹೇಳ್ತದರಿ. ನಾ ಏನ್ ಕೆಲಸ ಮಾಡ್ತೀನಿ ಅಂತ ಹೇಳೂದು ರುಮಾಲ. ನಂಗ ರುಮಾಲ ಬೇಕ್ರಿ.”

ಸಂಗಮನಾಥ ಮೈಕು ಎತ್ತಿಕೊಂಡ. ಇಂಥ ಹುದ್ದೆಯ ಸಮಸ್ಯೆ ಬಗೆಹರಿಸುವುದಕ್ಕೇ ತಾನು ಹುಟ್ಟಿದ್ದು ಅನ್ನುವ ಉತ್ಸಾಹ ಅವನ ಮುಖದಲ್ಲಿತ್ತು. “ಸಿಟ್ಟಾಗಬ್ಯಾಡ್ರಿ ತಾಯಿ. ನಿಮಗ ಒಂದ್ ಘನವಾದ ಹೆಸರ ಇಡಮು. ಪ್ಲಂಬರ್ ಮೇಡಂ? ಬ್ಯಾಡೇನು? ಜಲ ತಂತ್ರಜ್ಞೆ? ಉಷ್ಣಜಲ ಮೇಲ್ವಿಚಾರಕಿ?”

“ಹಂಗಂದ್ರ ಏನೋ ಅಳಿಯಾ?” ಅಂದಳು ಭೀಮಾಬಾಯಿ.

“ಬಿಸಿನೀರ ನೋಡ್ಕೊಳ್ಳೋರು ಅಂತ್ರಿ ಅಜ್ಜಿ.”

“ಹಂಗಾದ್ರ ಅರವತ್ತ್ ವರ್ಷ ಬಂಬಿಗೆ ಉರಿ ಹಾಕಿದ ನಾನೂ ಅದ ಆದೆನಲ್ಲ!”

ನಗು ಇನ್ನೊಮ್ಮೆ ಉಕ್ಕಿತು. ಮಲ್ಲೇಶ್ವರಿ ಮಾತ್ರ ಪಟ್ಟು ಸಡಿಲಿಸಲಿಲ್ಲ. “ನಬಿಸಾಬ್ ಮಾಮಾಗ ಮಿಸ್ತ್ರಿ ಅಂದ್ರ ಸಾಕಾತು, ಶ್ರೀಮಂತಣ್ಣಗ ಮಿಸ್ತ್ರಿ ಅಂದ್ರ ಸಾಕಾತು. ನಂಗ್ಯಾಕ್ರಿ ಇಷ್ಟುದ್ದಂದು? ಅದನ್ನ ಕೂಗಿ ಮುಗಿಸೂದ್ರೊಳಗ ಟಾಕಿ ಖಾಲಿ ಆಗಿರ್ತದ.”

ಭೀಮಾಬಾಯಿ ಕೋಲು ಕುಟ್ಟಿದಳು. ಪೆಂಡಾಲು ಗಪ್ಪಾಯಿತು. “ಸಾಕ್ ಮಾಡ್ರಿ. ಹೆಣ್ಣಿಗೆ ರುಮಾಲ ಸುತ್ತಬಾರ್ದು ಅಂತ ನಮ್ಮ ಹಿರ್ಯಾರು ಹೇಳಿಲ್ಲ. ಹೆಣ್ಣ ನಳ ಹಾಕ್ತಾಳ ಅಂತ ಅವ್ರಿಗೇನ್ ಗೊತ್ತಿತ್ತು, ಪಾಪ? ಅವ್ರ ಹೇಳಿದ್ದು ಒಂದ, ಮಿಸ್ತ್ರಿ ಆದವ್ರು ಕುಂದ ಹೇಳಬೇಕು. ಹೇಳು ಹುಡುಗಿ. ಹೇಳಿದ್ರ ರುಮಾಲ ನಿಂದ.”

ಇಡೀ ಮನೆ ಮಲ್ಲೇಶ್ವರಿಯ ಕಣ್ಣ ಮುಂದೆ ಬಂತು. ಟಾಕಿಯಿಂದ ಇಳಿದ ಪೈಪು, ಬಚ್ಚಲು, ಅಡುಗೆಮನೆ, ಹಿತ್ತಲು, ಒಂದೊಂದು ತಿರುವು, ಪೈಪಿಗೆ ಪೈಪು ಕೂಡುವ ಒಂದೊಂದು ಗಂಟು. ಎಲ್ಲವೂ ನೆಟ್ಟಗೆ, ಎಲ್ಲವೂ ಒಣ. ಎದುರಿಗೆ ಜಗದೇವಪ್ಪನ ಕೈಯಲ್ಲಿ ಕೆಂಪು ರುಮಾಲು. ‘ದೇವರ ಮನೆಯ ಹಿಂದಿನ ಪೈಪು ಸೊಟ್ಟ ಇದೆ’ ಅಂದರೆ ಮುಗಿಯಿತು. ಅದು ಗೋಡೆಯೊಳಗಿದೆ, ಯಾರು ಒಡೆದು ನೋಡುತ್ತಾರೆ? ಯಂಕಣ್ಣ ದೂರದಿಂದ ‘ಹೇಳು, ಹೇಳು’ ಅಂತ ಕೈಸನ್ನೆ ಮಾಡುತ್ತಿದ್ದ.

“ಇಲ್ರಿ ಅವ್ವಾರ” ಅಂದಳು ಅವಳು. “ನಾ ಕುಂದ ಬಿಟ್ಟಿಲ್ಲ.”

“ಯಾಕ?”

“ಅಂಜಿದೆರಿ. ನಬಿಸಾಬ್ ಮಾಮಾ ಮೆಟ್ಲ ಎತ್ತರ ಇಟ್ರ ರೂಢಿ ಅಂತಾರ. ನಾ ನಳ ಸೊಟ್ಟ ಇಟ್ರ ಹೆಣಮಗಳ ಕೆಲಸ ಇಷ್ಟ ಅಂತಾರ. ಅದಕ್ಕ ಒಂದೂ ಬಿಡ್ಲಿಲ್ಲ.”

ಯಾರೂ ನಗಲಿಲ್ಲ. ನಬಿಸಾಬ ತನ್ನ ರುಮಾಲಿನ ಅಂಚು ಮುಟ್ಟಿಕೊಂಡು ತಲೆ ತಗ್ಗಿಸಿದ. ಹೆಂಗಸರ ಸಾಲಿನಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಭೀಮಾಬಾಯಿಗೆ ಮನಸ್ಸಿದೆ, ಆದರೆ ಕುಂದಿಲ್ಲದೆ ರುಮಾಲು ಸುತ್ತಿಸಿದರೆ ಮನೆಗೆ ದೃಷ್ಟಿ. ಅವಳ ಮುಖದಲ್ಲಿ ಆ ಕಳವಳ ಎದ್ದು ಕಾಣುತ್ತಿತ್ತು. ಜಗದೇವಪ್ಪ ರುಮಾಲನ್ನು ಮಡಿಸಲೋ ಬೇಡವೋ ಅಂತ ತಿಳಿಯದೆ ನಿಂತಿದ್ದ.

ಆಗ ಹಿತ್ತಲಿನಿಂದ ತಿಮ್ಮವ್ವನ ದನಿ ಬಂತು. ಮೈಕು ಬೇಡದ ದನಿ ಅದು.

“ಯಾವಾಕಿ, ಯಾವಂವ ಅದಾರ್ರಿ ಈ ಮನಿ ನಳದ ಮಿಸ್ತ್ರಿ? ಬಿಸಿನೀರಿನ ನಳ ಜಿನಿಗಿ ನನ್ನ ಕಣಕದ ಬುಟ್ಟಿ ತೊಯ್ಸಾಕತ್ತದ! ಮಿಸ್ತ್ರೀ! ಎಲ್ಲಿ ಸತ್ತಿ, ಮಿಸ್ತ್ರೀ!”

“ನಾನ! ನಾನ! ಬಂದೆ!” ಅಂತ ಮಲ್ಲೇಶ್ವರಿ ಸೀರೆಯ ತಟ್ಟೆಯನ್ನು ಸಂಗಮನಾಥನ ಕೈಗೆ ತುರುಕಿ ಓಡಿಯೇಬಿಟ್ಟಳು. ರುಮಾಲು, ಮರ್ಯಾದೆ, ಮಂದಿ, ಯಾವುದೂ ನೆನಪಿರಲಿಲ್ಲ. ಎಲ್ಲೋ ನೀರು ಸೋರುತ್ತಿದೆ, ಅದು ತನ್ನ ನಳ, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಅವಳ ಹಿಂದೆ ಯಂಕಣ್ಣ, ಅವನ ಹಿಂದೆ ಜಗದೇವಪ್ಪ, ಅವನ ಹಿಂದೆ ಅರ್ಧ ಪೆಂಡಾಲು, ಕೊನೆಗೆ ಕೋಲು ಕುಟ್ಟುತ್ತ ಭೀಮಾಬಾಯಿ.

ಹಿತ್ತಲ ಗೋಡೆಯ ಬಿಸಿನೀರಿನ ನಳದ ಬುಡದಿಂದ ಹನಿ ಹನಿ ತೊಟ್ಟಿಕ್ಕುತ್ತಿತ್ತು. ಮಲ್ಲೇಶ್ವರಿ ಬಗ್ಗಿ ಬೆರಳಿಟ್ಟಳು, ಸುಡುತ್ತಿತ್ತು. ಕೂಡಲೇ ಅವಳಿಗೆ ತಿಳಿಯಿತು. ಎಲ್ಲ ನಳಗಳನ್ನೂ ಅವಳು ಪರೀಕ್ಷೆ ಮಾಡಿದ್ದು ತಣ್ಣೀರು ಬಿಟ್ಟು. ಸೋಲಾರಿಗೆ ನೀರು ತುಂಬಿದ್ದು ನಿನ್ನೆ ಸಂಜೆ. ಇವತ್ತಿನ ಬಿಸಿಲಿಗೆ ಮೊದಲ ಸಲ ಕುದಿಯುವಂಥ ನೀರು ಪೈಪಿನಲ್ಲಿ ಇಳಿದಿತ್ತು. ತಣ್ಣಗಿದ್ದಾಗ ಗಟ್ಟಿ ಕೂತ ಗಂಟು ಕಾದಾಗ ಒಂದು ಕೂದಲೆಳೆಯಷ್ಟು ಸಡಿಲಾಗಿತ್ತು. ಶರೀಫಸಾಬ ಎಷ್ಟು ಸಲ ಹೇಳಿದ್ದ, ಬಿಸಿನೀರಿನ ನಳವನ್ನು ಬಿಸಿನೀರು ಬಿಟ್ಟೇ ನೋಡು ಅಂತ! ಪೂಜೆಯ ಗಡಿಬಿಡಿಯಲ್ಲಿ ಮರೆತೇಹೋಗಿತ್ತು.

ಅವಳ ಮುಖ ನಾಚಿಕೆಯಿಂದ ಕೆಂಪಾಯಿತು. “ಪಾನಾ ತಗೊಂಡ್ ಬಾ, ಜಲ್ದಿ!” ಅಂತ ಯಂಕಣ್ಣನಿಗೆ ಕೂಗಿದಳು.

“ಹೇ, ನಿಲ್ಲು!” ಅಂತ ಹಿಂದಿನಿಂದ ಭೀಮಾಬಾಯಿಯ ಕೂಗು ಬಂತು. ಮುದುಕಿ ಮಂದಿಯನ್ನು ಕೋಲಿನಿಂದ ಸರಿಸಿಕೊಂಡು ಬಂದಳು. ನಳದ ಕೆಳಗೆ ಅಂಗೈ ಒಡ್ಡಿದಳು. ಬಿಸಿ ಹನಿ ಬಿತ್ತು. “ಯಪ್ಪಾ, ಸುಡ್ತದೋ! ಖರೇನ ಕಾದಾವೋ ನೀರು, ಬೆಂಕಿ ಇಲ್ದ!” ಅಂದಳು. ಆಮೇಲೆ ಅವಳಿಗೆ ನಗು ಶುರುವಾಯಿತು. ಹಲ್ಲಿಲ್ಲದ ಬಾಯಿ ತೆರೆದು, ಕೋಲು ಹಿಡಿದ ಕೈ ಅಲ್ಲಾಡುವಷ್ಟು ನಕ್ಕಳು. “ಸಿಕ್ತಲ್ಲೋ ಜಗದೇವಾ! ಕುಂದು ಸಿಕ್ತಲ್ಲೋ! ಬಿಡಂಗಿಲ್ಲ ಅಂದಾಕಿ ಕೈಯಾಗಿಂದನ ಬಿದ್ದದ ನೋಡು!”

“ಅವ್ವಾರ, ಇದು ಬೇಕಂತ ಬಿಟ್ಟಿದ್ದಲ್ರಿ. ತಪ್ಪಿ ಆಗ್ಯಾದರಿ. ಈಗ ಬಿಗಿ ಮಾಡ್ತೀನಿ...”

“ಮಕ್ಳು ಬೇಕಂತ ಹುಟ್ಟಿದ್ರೂ ಅಷ್ಟ, ತಪ್ಪಿ ಹುಟ್ಟಿದ್ರೂ ಅಷ್ಟ. ಮನಿಗೆ ಕುಂದ ಬೇಕಿತ್ತು, ಬಂತು. ಹೇಳು ಈಗ. ಮಂದಿ ಮುಂದ ಹೇಳು, ಯಾರ ಕೈದು ಈ ಕುಂದು?”

ಯಂಕಣ್ಣ ಪಾನಾ ತಂದಿದ್ದ, ಆದರೆ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ, ಕಳ್ಳ! ಮಲ್ಲೇಶ್ವರಿ ಎದ್ದು ನಿಂತಳು. ಸೀರೆಯ ಅಂಚು ಒದ್ದೆಯಾಗಿತ್ತು, ಕೈಗೆ ಕಣಕ ಮೆತ್ತಿತ್ತು. ಸುತ್ತ ನಿಂತವರ ಮುಖಗಳನ್ನು ನೋಡಿದಳು. ಹೆಣ್ಣುಮಗಳ ಕೆಲಸ ಇಷ್ಟೇ ಅನ್ನುವ ಮಾತು ಯಾವ ಬಾಯಿಂದ ಬರುತ್ತದೋ ಅಂತ ಕಾದಳು. ಯಾವ ಬಾಯಿಂದಲೂ ಬರಲಿಲ್ಲ.

“ಹಿತ್ತಲ ಬಿಸಿನೀರಿನ ನಳ ಸೋರ್ತದರಿ” ಅಂದಳು, ಈ ಸಲ ದನಿ ನಡುಗಲಿಲ್ಲ. “ನೀರು ಕಾದಾಗ ಅಷ್ಟ. ಅದು ನನ್ನ ಕುಂದು. ನಳದ ಮಿಸ್ತ್ರಿ ಮಲ್ಲೇಶ್ವರಿ ಕೈದು.”

“ಒಪ್ಪಿದೆ!” ಅಂದ ಜಗದೇವಪ್ಪ. ಅವನ ಕಣ್ಣೂ ತುಂಬಿತ್ತು. “ಒಪ್ಪಿದೆ, ಮಿಸ್ತ್ರಿ.”

ಸಕ್ಕರೆ ಅಲ್ಲಿರಲಿಲ್ಲ. ತಿಮ್ಮವ್ವ ಹೂರಣದ ಒಂದು ಉಂಡೆಯನ್ನೇ ತೆಗೆದು ಮಲ್ಲೇಶ್ವರಿಯ ಬಾಯಿಗೆ ತುರುಕಿದಳು. ಹೆಣ್ಣುಮಗಳ ತಲೆ ಮುಟ್ಟಿ ರುಮಾಲು ಸುತ್ತಲು ಜಗದೇವಪ್ಪ ಹಿಂದೆಮುಂದೆ ನೋಡಿದಾಗ ಭೀಮಾಬಾಯಿ ಅದನ್ನು ಅವನ ಕೈಯಿಂದ ಕಸಿದುಕೊಂಡಳು. “ಕೊಡಿಲ್ಲಿ. ನಿಮ್ಮಪ್ಪಗ ದಿನಾ ಮುಂಜಾನಿ ಸುತ್ತಿದ ಕೈ ಇದು.” ಮಲ್ಲೇಶ್ವರಿ ತಲೆ ಬಗ್ಗಿಸಿದಳು. ಮುದುಕಿಯ ಬೆರಳುಗಳು ಒಂದು ಸುತ್ತಿನ ಮೇಲೆ ಒಂದು ಸುತ್ತು ಬಿಗಿಯಾಗಿ ಎಳೆದು ಕಟ್ಟಿದವು. ಅವಳು ತಲೆ ಎತ್ತಿದಾಗ ಹೋಳಿಗೆ ತಟ್ಟುವ ಹೆಂಗಸರೆಲ್ಲ ಲಟ್ಟಣಿಗೆ ಬಡಿದು ಗದ್ದಲ ಎಬ್ಬಿಸಿದರು. ಯಂಕಣ್ಣ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಮಲ್ಲೇಶ್ವರಿ ನಕ್ಕಳು, ಅತ್ತಳು, ಬಾಯಿ ತುಂಬ ಹೂರಣ ಇದ್ದುದರಿಂದ ಎರಡೂ ಸರಿಯಾಗಿ ಆಗಲಿಲ್ಲ.

“ಸೀರಿ ವಾಪಸ್ ಕೊಡಬೇಕೇನ್ರಿ?” ಅಂತ ಸಂಗಮನಾಥ ತಟ್ಟೆ ಹಿಡಿದುಕೊಂಡೇ ಕೇಳಿದ.

“ಯಾಕ ಕೊಡ್ತಾಳ? ರುಮಾಲಿಗೂ ಸೀರಿಗೂ ಏನ್ ಜಗಳ ಅದ? ಎರಡೂ ಆಕಿವ” ಅಂದಳು ಭೀಮಾಬಾಯಿ.

ಊಟಕ್ಕೆ ಎಲೆ ಹಾಕಿದರು. ಮಂದಿ ಪೆಂಡಾಲಿನ ಕಡೆ ಚದುರಿದರು. ತಿಮ್ಮವ್ವ ಕಣಕದ ಬುಟ್ಟಿ ಆಚೆ ಸರಿಸಿ ನಳದ ಕೆಳಗೆ ಒಂದು ಬಕೆಟ್ಟು ಇಟ್ಟಳು. ಹನಿ ಅದರಲ್ಲಿ ಟಪ್, ಟಪ್ ಅಂತ ಬೀಳುತ್ತಿತ್ತು. ಮಲ್ಲೇಶ್ವರಿ ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಆ ಸದ್ದು ಅವಳಿಂದ ಕೇಳಲಾಗುತ್ತಿರಲಿಲ್ಲ. ಅರ್ಧ ಸುತ್ತು ತಿರುವಿದರೆ ನಿಲ್ಲುವ ಹನಿ ಅದು. ಯಂಕಣ್ಣ ಕಲ್ಲಿನ ಮೇಲೆ ಬಿಟ್ಟುಹೋಗಿದ್ದ ಪಾನಾ ಅಲ್ಲೇ ಇತ್ತು. ಆಚೆ ಈಚೆ ನೋಡಿದಳು, ಯಾರೂ ಇಲ್ಲ. ಪಾನಾ ಎತ್ತಿಕೊಂಡು ಮೆಲ್ಲಗೆ ನಳಕ್ಕೆ ಕೈ ಚಾಚಿದಳು.

ಮುಂಗೈಯ ಮೇಲೆ ಕೋಲು ಬಿತ್ತು.

“ಕೈ ತೆಗಿ, ಮಿಸ್ತ್ರಿ!” ಅಂದಳು ಭೀಮಾಬಾಯಿ.

ಮಲ್ಲೇಶ್ವರಿ ಪಾನಾ ಕೆಳಗಿಟ್ಟಳು. ಸೋರುವ ನಳವನ್ನು ಜೀವಮಾನದಲ್ಲಿ ಮೊದಲ ಸಲ ಸೋರಲು ಬಿಟ್ಟು, ರುಮಾಲು ಸರಿ ಮಾಡಿಕೊಂಡು ಊಟಕ್ಕೆ ನಡೆದಳು.